ಮರ್ಕೂರ್ 34ಸಿ ಸೇಫ್ಟಿ ರೇಜರ್: ಹಲವು ವರ್ಷಗಳ ಬಳಕೆಯ ಮೇಲೆ

ಜರ್ಮನಿಯ ಸೋಲಿಂಗನ್‌ನಲ್ಲಿ ತಯಾರಾಗುವ ಈ ರೇಜರನ್ನು ಹೊಸಬರಿಗೆ ಎಲ್ಲರೂ ಸೂಚಿಸುತ್ತಾರೆ. ಸೂಚನೆ ಸರಿಯಾಗಿಯೇ ಇದೆ. ಆದರೆ ಮುಖ ನುಣ್ಣಗಾಗುವುದರಲ್ಲಿ ರೇಜರಿನ ಪಾಲು ಚಿಕ್ಕದು, ಬ್ಲೇಡು ಮತ್ತು ನೊರೆಯದೇ ದೊಡ್ಡದು. ಹಣವನ್ನೆಲ್ಲ ರೇಜರಿಗೇ ಸುರಿಯಬೇಡಿ.

ಇದರಲ್ಲಿರುವುದು ಎರಡೇ ಭಾಗ. ಹಿಡಿಯ ತುದಿಯ ಗುಬ್ಬಿ ತಿರುಗಿಸಿದರೆ ಮೇಲಿನ ಮುಚ್ಚಳ ಕಳಚುತ್ತದೆ. ತೂಕ ಸುಮಾರು 77 ಗ್ರಾಂ, ಗಡ್ಡ ಕತ್ತರಿಸಲು ಅಷ್ಟು ಭಾರವೇ ಸಾಕು. ಕಾರ್ಟ್ರಿಜ್ (ಹಲವು ಬ್ಲೇಡಿನ, ಬದಲಿಸುವ ಪ್ಲಾಸ್ಟಿಕ್ ತಲೆಯ ರೇಜರ್) ಬಳಸಿ ರೂಢಿಯಾದ ಕೈ ಮಾತ್ರ ತಾನಾಗಿ ಒತ್ತುತ್ತದೆ. ಉರಿಯೂ ಕತ್ತಿನ ಕೆಂಪು ಗುಳ್ಳೆಗಳೂ ಹೆಚ್ಚಾಗಿ ಅದರಿಂದಲೇ. ಹಿಡಿಯ ಕೆಳತುದಿಯನ್ನು ಬೆರಳ ತುದಿಗಳಲ್ಲಷ್ಟೇ ಹಿಡಿದರೆ ಒತ್ತಬೇಕೆಂದರೂ ಆಗುವುದಿಲ್ಲ. ಕೋನ ಹುಡುಕಲು ಮುಚ್ಚಳವನ್ನು ಕೆನ್ನೆಗೆ ತಾಗಿಸಿ, ಹಿಡಿಯನ್ನು ನೆಲಕ್ಕೆ ಸಮಾನಾಂತರವಾಗಿಟ್ಟು ಮೆಲ್ಲಗೆ ಇಳಿಸುತ್ತ ಎಳೆಯಿರಿ. ಕೂದಲು ಕತ್ತರಿಸುವ ಸದ್ದು ಕೇಳಿಸಿದಲ್ಲಿ ನಿಲ್ಲಿಸಿ. ಅದು ಸುಮಾರು 30 ಡಿಗ್ರಿ.

ಬ್ಲೇಡ್ ಕೂರಿಸುವಾಗ ಮಾತ್ರ ಇದು ಸ್ವಲ್ಪ ತಕರಾರಿನದು. ಗುಬ್ಬಿ ಬಿಗಿದ ಮೇಲೆ ರೇಜರಿನ ತಲೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ: ಎರಡೂ ಬದಿಯಲ್ಲಿ ಅಂಚು ಒಂದೇ ಅಳತೆಗೆ ಹೊರಗೆ ಕಾಣಬೇಕು. ಇಲ್ಲವಾದರೆ ಒಂದು ಬದಿ ಚರ್ಮ ಕೀಸುತ್ತದೆ, ಇನ್ನೊಂದು ಬದಿ ಸುಮ್ಮನೆ ಸವರಿಕೊಂಡು ಹೋಗುತ್ತದೆ. ಗುಬ್ಬಿಯನ್ನು ಅರ್ಧ ಸುತ್ತು ಸಡಿಲಿಸಿ, ಬ್ಲೇಡಿನ ಹರಿತವಿಲ್ಲದ ಕಿರುತುದಿಗಳನ್ನು ಹಿಡಿದು ಸರಿಪಡಿಸಿ, ಹಾಗೆ ಹಿಡಿದುಕೊಂಡೇ ಬಿಗಿಯಿರಿ.

ಒಂದೇ ಬಗೆಯ ಬ್ಲೇಡನ್ನು ನೂರರ ಲೆಕ್ಕದಲ್ಲಿ ತರಿಸುವ ಮೊದಲು ನಾಲ್ಕೈದು ಬಗೆ ಪರೀಕ್ಷಿಸಿ. ಜಪಾನಿನ ಫೆದರ್ ತುಂಬಾ ಹರಿತ, ಕೈ ಪಳಗಿದ ಮೇಲೆ ಸಾಕು. ಆಸ್ಟ್ರಾ ಸುಪೀರಿಯರ್ ಪ್ಲಾಟಿನಮ್ ಆರಂಭಕ್ಕೆ ಚೆನ್ನ. ಬ್ಲೇಡ್ ಬದಲಿಸಿದ ವಾರ ಸೋಪು, ಬ್ರಶ್ ಬದಲಿಸಬೇಡಿ, ತೊಂದರೆ ಯಾವುದರದೆಂದು ಗೊತ್ತಾಗುವುದಿಲ್ಲ. ಐದಾರು ಶೇವ್ ಆಗುವ ಹೊತ್ತಿಗೆ, ಅಥವಾ ಕೂದಲು ಎಳೆದಂತಾದ ಕ್ಷಣವೇ, ಹೊಸದು ಹಾಕಿ. ಅಂಚನ್ನು ಬಟ್ಟೆಯಿಂದ ಒರೆಸುವುದು ಬೇಡ, ತೊಳೆದು ಕೊಡವಿದರೆ ಆಯಿತು.

ನೊರೆಯಲ್ಲಿ ಎಡವುವವರೇ ಜಾಸ್ತಿ. ಸಿಂಥೆಟಿಕ್ ಬ್ರಶ್ ನೆನೆಸಬೇಕಿಲ್ಲ, ಹಂದಿಕೂದಲಿನದಕ್ಕೆ ಐದು ನಿಮಿಷ ಬೆಚ್ಚನೆ ನೀರು ಬೇಕು. ಬ್ರಶ್ಶಿನ ನೀರು ಕೊಡವಿ, ಸೋಪಿನ ಮೇಲೆ ಮೂವತ್ತು ಸೆಕೆಂಡ್ ತಿರುಗಿಸಿ, ಗಟ್ಟಿ ಪೇಸ್ಟ್ ಹಿಡಿಯಲಿ. ಆಮೇಲೆ ಮುಖದ ಮೇಲೋ ಬಟ್ಟಲಲ್ಲೋ ಹನಿಹನಿ ನೀರು ಸೇರಿಸುತ್ತ ತಿರುಗಿಸಿ. ಗುಳ್ಳೆ ಕಾಣದೆ ಹೊಳಪು ಬಂದರೆ ಹದ ಸರಿ. ಉಬ್ಬಿ ನಿಂತ ಒಣ ನೊರೆಯಲ್ಲಿ ಗಾಳಿಯೇ ಹೆಚ್ಚು, ನೀರು ಕಡಿಮೆ. ಕೂದಲು ಮೆತ್ತಗಾಗುವುದಿಲ್ಲ, ಬ್ಲೇಡ್ ತಡವರಿಸುತ್ತದೆ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪನ್ನು ಕಟ್ಟಿಹಾಕುವುದರಿಂದ ನೊರೆ ಬೇಗ ಸಾಯುತ್ತದೆ. ಸೋಪು ಹೆಚ್ಚು ಹಿಡಿಸಿ, ಇಲ್ಲವೇ ಶುದ್ಧೀಕರಿಸಿದ ನೀರು ಬಳಸಿ.

ಮೊದಲ ಸುತ್ತು ಕೂದಲು ಬೆಳೆಯುವ ದಿಕ್ಕಿಗೆ, ಎರಡನೆಯದು ಅಡ್ಡಕ್ಕೆ, ಪ್ರತಿಸಲ ಹೊಸ ನೊರೆ ಹಚ್ಚಿಕೊಂಡು. ಮೊದಲ ತಿಂಗಳು ಅಷ್ಟೇ ಸಾಕು. ಕತ್ತಿನಲ್ಲಿ ಕೂದಲು ಅಡ್ಡಾದಿಡ್ಡಿಯಾಗಿ ಬೆಳೆದಿರುತ್ತದೆ, ಬೆರಳು ಆಡಿಸಿ ದಿಕ್ಕು ನೋಡಿಕೊಳ್ಳಿ. ಕೊನೆಗೆ ಒದ್ದೆ ಮುಖಕ್ಕೆ ಪಟಿಕ ಸವರಿದಾಗ ಎಲ್ಲಿ ಚುರುಗುಟ್ಟುತ್ತದೋ ಅಲ್ಲಿ ಕೈ ಒತ್ತಿದೆ ಎಂದರ್ಥ.

ತಲೆ ಸತುವಿನ ಮಿಶ್ರಲೋಹದ್ದು, ಮೇಲೆ ಕ್ರೋಮ್ ಲೇಪ. ಲೇಪ ಎದ್ದರೆ ಒಳಲೋಹ ಸವೆಯತೊಡಗುತ್ತದೆ. ಗಟ್ಟಿ ನೆಲಕ್ಕೆ ಬಿದ್ದರೆ ಮುಚ್ಚಳದ ತಿರುಪು ಮುರಿಯಲೂಬಹುದು. ಗುಬ್ಬಿಯನ್ನು ಬೆರಳ ಬಿಗಿಗಿಂತ ಹೆಚ್ಚು ತಿರುಗಿಸಬೇಡಿ. ಹಿಡಿ ಗಿಡ್ಡವಾದ್ದರಿಂದ ದೊಡ್ಡ ಕೈಯವರಿಗೆ ಇದು ಒಗ್ಗದೆ ಹೋಗಬಹುದು. ಅಂಥವರು ಇದೇ ತಯಾರಕರ ಉದ್ದ ಹಿಡಿಯ 23ಸಿ ನೋಡಲಿ; ಅದು ಮೂರು ಭಾಗದ್ದು, ತೂಕವೂ ಕಡಿಮೆ.