ನಾಲ್ಕು ವರ್ಷ, ಒಂದು ನೀಲಿ ಡ್ರಮ್: ಮನೆಯಲ್ಲೇ ಮಾಡಿದ ಸೊಪ್ಪಿನ ದ್ರವಗೊಬ್ಬರದ ಬಳಕೆಯ ಅನುಭವ

ಮೈಸೂರಿನ ನಮ್ಮ ಮನೆಯ ಹಿತ್ತಲಿನಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ, 60 ಲೀಟರಿನ ನೀಲಿ ಪ್ಲಾಸ್ಟಿಕ್ ಡ್ರಮ್ಮೊಂದು ನಾಲ್ಕು ವರ್ಷಗಳಿಂದ ನಿಂತಿದೆ. ಬಿಸಿಲಿಗೆ ಅದರ ಬಣ್ಣ ಮಾಸಿದೆ. ಕೆಳಗಿನ ನಲ್ಲಿಯನ್ನು ಎರಡು ಸಲ ಬದಲಾಯಿಸಿದ ಮೇಲೆ ಬೇಸತ್ತು, ಆ ತೂತಿಗೆ ಬಿರಡೆ ಹಾಕಿ ಮುಚ್ಚಿಬಿಟ್ಟಿದ್ದೇನೆ. ಹಸಿರು ಸೊಪ್ಪು, ಹಿಂಡಿ, ಬೆಲ್ಲ ಇವನ್ನು ನೀರಿನಲ್ಲಿ ಕೊಳೆಸಿ ತರಕಾರಿ ಗಿಡಗಳಿಗೆ ದ್ರವಗೊಬ್ಬರ ಮಾಡಿಕೊಳ್ಳುವುದಷ್ಟೇ ಈ ಡ್ರಮ್ಮಿನ ಕೆಲಸ. ಆದ್ದರಿಂದ ಈ ವಿಮರ್ಶೆ ಡ್ರಮ್ಮಿಗೂ ಸಲ್ಲುತ್ತದೆ, ಅದರೊಳಗೆ ಆಗುವ ಗೊಬ್ಬರಕ್ಕೂ ಸಲ್ಲುತ್ತದೆ. ಐದು ಅಂಕಗಳಲ್ಲಿ ಗೊಬ್ಬರಕ್ಕೆ ನಾಲ್ಕು, ಡ್ರಮ್ಮಿಗೆ ಎರಡೂವರೆ ಕೊಡುತ್ತೇನೆ. ಎಲ್ಲರೂ ಹೊಗಳುವ ಬಾಳೆಹಣ್ಣಿನ ಸಿಪ್ಪೆಯ ನೀರಿಗೆ ಒಂದಂಕ ಕೊಡುವುದಕ್ಕೂ ಮನಸ್ಸು ಬರುವುದಿಲ್ಲ.

ಮೊದಲು ನಾನು ಮಾಡಲು ಹೊರಟದ್ದು ಜೀವಾಮೃತವನ್ನು, ಅಂದರೆ ಸಗಣಿ, ಗಂಜಲ ಹುದುಗಿಸಿ ಮಾಡುವ ದ್ರವಗೊಬ್ಬರವನ್ನು. ಶೂನ್ಯ ಬಂಡವಾಳದ ನೈಸರ್ಗಿಕ ಕೃಷಿಯ ಪ್ರಚಾರಕ ಸುಭಾಷ್ ಪಾಳೇಕರ್ ಅವರು ಹೇಳುವ ಲೆಕ್ಕದಲ್ಲಿ 200 ಲೀಟರ್ ನೀರಿಗೆ 10 ಕಿಲೋ ನಾಟಿ ಹಸುವಿನ ಸಗಣಿ, ಅದಕ್ಕೆ ತಕ್ಕ ಗಂಜಲ, 2 ಕಿಲೋ ಬೆಲ್ಲ, 2 ಕಿಲೋ ದ್ವಿದಳ ಧಾನ್ಯದ ಹಿಟ್ಟು ಮತ್ತು ಬದುವಿನ ಒಂದು ಹಿಡಿ ಮಣ್ಣು ಬೇಕು. ನಮ್ಮ ಬಡಾವಣೆಯಲ್ಲಿ ನಾಟಿ ಹಸುವಿನ ತಾಜಾ ಸಗಣಿ ವಾರಕ್ಕೊಮ್ಮೆ ಸಿಗುವುದೇ ಕಷ್ಟ, ಗಂಜಲವನ್ನಂತೂ ಕೇಳುವ ಹಾಗೇ ಇಲ್ಲ. ಆದರೆ ಹಿಂದಿನ ಖಾಲಿ ನಿವೇಶನದ ಬೇಲಿಯುದ್ದಕ್ಕೂ ಗ್ಲಿರಿಸಿಡಿಯಾ, ಅಂದರೆ ನಮ್ಮ ರೈತರು ಗೊಬ್ಬರದ ಗಿಡವೆಂದು ಕರೆಯುವ ಮರ, ಕಡಿದಷ್ಟೂ ಚಿಗುರುತ್ತಿತ್ತು. ರಸ್ತೆಯ ಆಚೆಗೆ ಎರಡು ಹೊಂಗೆ ಮರಗಳಿದ್ದವು. ಕೈಗೆ ಸಿಗುವ ವಸ್ತುವಿನಿಂದ ಗೊಬ್ಬರ ಮಾಡಿಕೊಳ್ಳದೆ, ಸಿಗದ ವಸ್ತುವಿಗಾಗಿ ಸ್ಕೂಟರಿನಲ್ಲಿ ಊರು ಸುತ್ತುವುದು ಯಾವ ಸಾವಯವ ಪದ್ಧತಿ ಎಂದು ಅನಿಸಿ ಸೊಪ್ಪಿನ ಕಡೆಗೆ ತಿರುಗಿದೆ. ಮಲೆನಾಡಿನ ಕೆಲವು ಅಡಿಕೆ ತೋಟಗಳಲ್ಲಿ ತೊಟ್ಟಿ ಕಟ್ಟಿ ಸೊಪ್ಪು ಕೊಳೆಸುವ ಜೈವಿಕ ಡೈಜೆಸ್ಟರ್ ಇರುತ್ತದಲ್ಲ, ನನ್ನದು ಅದರ ಮರಿ ಎನ್ನಬಹುದು.

ನಾಲ್ಕು ವರ್ಷಗಳ ತಿದ್ದುಪಡಿಗಳ ನಂತರ ಈಗ ನಿಂತಿರುವ ಅಳತೆ ಹೀಗಿದೆ. ಎಳೆಯ ಕೊಂಬೆಗಳ ಸಮೇತ ಸುಮಾರು 8 ಕಿಲೋ ಗ್ಲಿರಿಸಿಡಿಯಾ ಸೊಪ್ಪನ್ನು ಮಚ್ಚಿನಿಂದ ಕೊಚ್ಚಿ, ಹಳೆಯ ಗೋಣಿಚೀಲದಲ್ಲಿ ಸಡಿಲವಾಗಿ ಕಟ್ಟಿ, ಮೇಲೊಂದು ಕಲ್ಲಿಟ್ಟು ಡ್ರಮ್ಮಿನೊಳಗೆ ಮುಳುಗಿಸುತ್ತೇನೆ. 1 ಕಿಲೋ ಹೊಂಗೆ ಹಿಂಡಿಯನ್ನು ಹಿಂದಿನ ರಾತ್ರಿಯೇ ನೆನೆಹಾಕಿ, ಕೈಯಿಂದ ಕಿವುಚಿ ಸೇರಿಸುತ್ತೇನೆ. ಅರ್ಧ ಕಿಲೋ ಕಪ್ಪು ಬೆಲ್ಲ, ಹೊಂಗೆ ಮರದ ಬುಡದಲ್ಲಿ ಎಲೆ ಕೊಳೆತು ಸಡಿಲವಾದ ಒಂದು ಹಿಡಿ ಮಣ್ಣು, 40 ಲೀಟರ್ ನೀರು, ಇಷ್ಟೇ. ನಲ್ಲಿಯ ನೀರಾದರೆ ಕ್ಲೋರಿನ್ ಹೋಗಲೆಂದು ಒಂದು ರಾತ್ರಿ ತೆರೆದಿಡುತ್ತೇನೆ. ಮೇಲೆ ಒಂದು ಗೇಣು ಜಾಗ ಖಾಲಿ ಬಿಡಲೇಬೇಕು, ಏಕೆಂದರೆ ಎರಡನೆಯ ದಿನದಿಂದ ನೊರೆ ಉಕ್ಕುತ್ತದೆ. ಬೆಳಿಗ್ಗೆ ಸಂಜೆ ಬಿದಿರಿನ ಕೋಲಿನಿಂದ ಕಲಕುತ್ತಿದ್ದರೆ ಏಪ್ರಿಲ್ ತಿಂಗಳಿನಲ್ಲಿ ಎರಡು ವಾರಕ್ಕೆ, ಡಿಸೆಂಬರಿನ ಚಳಿಯಲ್ಲಿ ಮೂರೂವರೆ ವಾರಕ್ಕೆ ನೊರೆ ನಿಂತು, ದ್ರವವು ಎರಡನೆಯ ಸಲ ಇಳಿಸಿದ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ಬರುತ್ತದೆ. ಚೀಲ ಎತ್ತಿದರೆ ಎಲೆಯೆಲ್ಲ ಕರಗಿ ನಾರು ಮತ್ತು ಕಡ್ಡಿ ಮಾತ್ರ ಉಳಿದಿರುತ್ತವೆ. ಅವು ಕಾಂಪೋಸ್ಟ್ ಗುಂಡಿಗೆ ಹೋಗುತ್ತವೆ. ಉಳಿದದ್ದನ್ನು ಹಳೆಯ ಪಂಚೆಯಲ್ಲಿ ಸೋಸಿ, ಸೊಪ್ಪಿನ ಪಾತಿಗೆ ಒಂದಕ್ಕೆ ಹತ್ತು ಪಾಲು, ಸಸಿಗಳಿಗೆ ಒಂದಕ್ಕೆ ಇಪ್ಪತ್ತು ಪಾಲು ನೀರು ಬೆರೆಸಿ ಬುಡಕ್ಕೆ ಹಾಕುತ್ತೇನೆ.

ಡ್ರಮ್ಮಿನೊಳಗೆ ನಡೆಯುವುದೇನೆಂದು ತಿಳಿದುಕೊಂಡರೆ ಯಾವುದನ್ನು ನಿರೀಕ್ಷಿಸಬೇಕು, ಯಾವುದನ್ನು ನಿರೀಕ್ಷಿಸಬಾರದು ಎಂಬುದು ತಾನಾಗಿ ತಿಳಿಯುತ್ತದೆ. ಎಲೆಯಲ್ಲಿರುವ ಪೊಟ್ಯಾಷ್ ಯಾವ ಸಾವಯವ ವಸ್ತುವಿನೊಳಗೂ ಕಟ್ಟಿಕೊಂಡಿರುವುದಿಲ್ಲವಾದ್ದರಿಂದ, ಎಲೆಯ ಕೋಶ ಒಡೆದ ಕೂಡಲೇ ನೀರಿಗಿಳಿಯುತ್ತದೆ. ಸಾರಜನಕ ಹಾಗಲ್ಲ, ಅದು ಪ್ರೋಟೀನಿನೊಳಗೆ ಸೇರಿಕೊಂಡಿರುತ್ತದೆ, ಅದನ್ನು ಬ್ಯಾಕ್ಟೀರಿಯಾಗಳು ಒಡೆದು ಅಮೋನಿಯಂ ರೂಪಕ್ಕೆ ತರುವವರೆಗೆ ಬೇರಿಗೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಎರಡು ದಿನ ನೆನೆಸಿದ ಸೊಪ್ಪಿನ ನೀರಿಗೂ ಎರಡು ವಾರ ಕೊಳೆತ ನೀರಿಗೂ ಇರುವ ವ್ಯತ್ಯಾಸ ಇದೇ. ಕ್ಯಾಲ್ಸಿಯಂ ಬಹುಪಾಲು ಕೋಶಗಳ ಗೋಡೆಯಲ್ಲೇ ಉಳಿದು ನಾರಿನ ಜೊತೆಗೆ ಕಾಂಪೋಸ್ಟ್ ಗುಂಡಿಗೆ ಹೋಗುತ್ತದೆ. ರಂಜಕ ಸೊಪ್ಪಿನಲ್ಲಿ ಇರುವುದೇ ಕಡಿಮೆ.

ಇನ್ನು ಲೆಕ್ಕ. ಗ್ಲಿರಿಸಿಡಿಯಾ ಎಲೆಯ ಒಣತೂಕದಲ್ಲಿ ನೂರಕ್ಕೆ ಸುಮಾರು ಮೂರು ಪಾಲು ಸಾರಜನಕವಿರುತ್ತದೆ, ಆದರೆ ಹಸಿ ಸೊಪ್ಪಿನಲ್ಲಿ ಮುಕ್ಕಾಲು ಪಾಲು ನೀರೇ. ಹೊಂಗೆ ಹಿಂಡಿಯಲ್ಲಿ ಸಾರಜನಕ ಶೇಕಡಾ 4ರ ಹತ್ತಿರ, ಬೇವಿನ ಹಿಂಡಿಯಲ್ಲಿ 5ರ ಹತ್ತಿರ, ಕಡಲೆಕಾಯಿ ಹಿಂಡಿಯಲ್ಲಿ 7ರ ಹತ್ತಿರ ಇರುತ್ತದೆ. ಯೂರಿಯಾದಲ್ಲಿ ಶೇಕಡಾ 46. ಅಂದರೆ 1 ಕಿಲೋ ಕಡಲೆಕಾಯಿ ಹಿಂಡಿಯ ಸಾರಜನಕವೆಲ್ಲ ಸೇರಿದರೆ ಸುಮಾರು 150 ಗ್ರಾಂ ಯೂರಿಯಾಕ್ಕೆ ಸಮ. ಹೊಂಗೆ ಹಿಂಡಿಯಾದರೆ 85 ಗ್ರಾಂ. ಈ ಅಂಕಿಗಳನ್ನು ನೋಡಿ ಕೆಲವರಿಗೆ ನಿರಾಸೆಯಾಗಬಹುದು, ನನಗೆ ಸಮಾಧಾನವೇ ಆಯಿತು, ಏಕೆಂದರೆ ಮೂವತ್ತು ಗ್ರೋ ಬ್ಯಾಗು ಮತ್ತು ನಾಲ್ಕು ಪಾತಿಗಳ ಕೈತೋಟಕ್ಕೆ ಇದಕ್ಕಿಂತ ಹೆಚ್ಚು ಬೇಕಾಗಿಲ್ಲ. ಕಡಲೆಕಾಯಿ ಹಿಂಡಿಯನ್ನು ನಾನು ಬಿಟ್ಟದ್ದು ಎರಡು ಕಾರಣಗಳಿಗೆ. ಅದು ಹಸು ತಿನ್ನುವ ಹಿಂಡಿ, ಆದ್ದರಿಂದ ಬೆಲೆ ಹೆಚ್ಚು. ಹೊಂಗೆಯದನ್ನು ಅದರ ಕಹಿಯಿಂದಾಗಿ ದನ ಇಷ್ಟಪಡುವುದಿಲ್ಲ, ಆದ್ದರಿಂದ ಅದು ನೇರವಾಗಿ ಗೊಬ್ಬರಕ್ಕೇ ಬರುತ್ತದೆ. ಎರಡನೆಯ ಕಾರಣ ವಾಸನೆ.

ವಾಸನೆಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಈ ಗೊಬ್ಬರವನ್ನು ಬಿಟ್ಟವರಲ್ಲಿ ಹೆಚ್ಚಿನವರು ಬಿಟ್ಟದ್ದು ವಾಸನೆಗೆ ಹೆದರಿಯೇ ಹೊರತು ಫಲ ಸಿಗದೆ ಅಲ್ಲ. ಮೊದಲ ವರ್ಷ ಡ್ರಮ್ಮಿನ ಮುಚ್ಚಳವನ್ನು ಗಟ್ಟಿಯಾಗಿ ತಿರುಗಿಸಿ ಮುಚ್ಚಿ, ಕಲಕದೆ ಇಪ್ಪತ್ತು ದಿನ ಬಿಟ್ಟು, ಒಂದು ಭಾನುವಾರ ಬೆಳಿಗ್ಗೆ ತೆರೆದೆ. ಗಾಳಿಯಾಡದೆ ಕೊಳೆತ ಪ್ರೋಟೀನಿನಲ್ಲಿರುವ ಗಂಧಕವು ಕೊಳೆತ ಮೊಟ್ಟೆಯ ವಾಸನೆಯ ಅನಿಲವಾಗುತ್ತದೆ ಎಂಬುದನ್ನು ಓದಿ ತಿಳಿದಿದ್ದೆ, ಆದರೆ ಓದಿದ್ದಕ್ಕೂ ಮೂಗಿಗೆ ಬಡಿದದ್ದಕ್ಕೂ ಸಂಬಂಧವೇ ಇರಲಿಲ್ಲ. ಪಕ್ಕದ ಮನೆಯ ಅಜ್ಜಿ ಕಾಂಪೌಂಡಿನ ಮೇಲಿಂದ ಇಣುಕಿ, "ಏನಪ್ಪಾ, ನಿಮ್ಮನೆ ಚರಂಡಿ ಏನಾದ್ರೂ ಕಟ್ಕೊಂಡಿದ್ಯಾ?" ಎಂದು ಕೇಳಿದರು. ಗೊಬ್ಬರ ಎಂದೆ. ಅವರು ನಂಬಲಿಲ್ಲ. ಅಂದಿನಿಂದ ಮುಚ್ಚಳದ ಬದಲು ಬಟ್ಟೆ ಕಟ್ಟುತ್ತೇನೆ, ದಿನಕ್ಕೆರಡು ಸಲ ತಪ್ಪದೆ ಕಲಕುತ್ತೇನೆ. ಗಾಳಿ ಸೇರಿದ ಡ್ರಮ್ಮಿನಲ್ಲಿ ವಾಸನೆ ಇಲ್ಲವೆಂದಲ್ಲ. ಕೊಟ್ಟಿಗೆಯ ವಾಸನೆಯಷ್ಟಿರುತ್ತದೆ, ಗಿಡಕ್ಕೆ ಹಾಕಿದ ಮಾರನೆಯ ದಿನ ಅದೂ ಹೋಗುತ್ತದೆ. ಊರಿಗೆ ಹೋಗುವುದಿದ್ದರೆ ಡ್ರಮ್ ಖಾಲಿ ಮಾಡಿಯೇ ಹೋಗುತ್ತೇನೆ.

ಬಟ್ಟೆ ಕಟ್ಟುವುದಕ್ಕೆ ಇನ್ನೊಂದು ಕಾರಣವೂ ಇದೆ. ಕೊಳಕು ನೀರಿನಲ್ಲೇ ಮೊಟ್ಟೆಯಿಡುವ ಕ್ಯೂಲೆಕ್ಸ್ ಸೊಳ್ಳೆಗೆ ಇಂಥ ಡ್ರಮ್ ತವರುಮನೆಯಿದ್ದಂತೆ. ಎರಡನೆಯ ವರ್ಷ ಬಟ್ಟೆ ಹರಿದಿದ್ದಾಗ ಸೊಳ್ಳೆಮರಿಯ ಜೊತೆಗೆ ನಾನು ಹಿಂದೆಂದೂ ಕಂಡಿರದ ಹುಳುಗಳು ಕಾಣಿಸಿಕೊಂಡವು. ಬೆರಳಿನ ಉಗುರಿನಷ್ಟುದ್ದದ, ಬೂದುಬಿಳಿ ಬಣ್ಣದ ಮೈ. ಹಿಂದಕ್ಕೆ ಮೈಗಿಂತ ಉದ್ದನೆಯ ಬಾಲ. ಬಾಲದ ತುದಿ ಮಾತ್ರ ನೀರಿನ ಮೇಲೆ ಚುಕ್ಕೆಯ ಹಾಗೆ ನಿಂತಿರುತ್ತದೆ, ಕೋಲು ತಾಗಿಸಿದರೆ ಅದನ್ನು ಎಳೆದುಕೊಂಡು ತಳಕ್ಕಿಳಿಯುತ್ತವೆ. ಅದು ಬಾಲವಲ್ಲ, ಉಸಿರಾಡುವ ಕೊಳವೆ. ಜೇನುಹುಳುವಿನಂತೆ ಕಾಣುವ, ಹೂವಿನಿಂದ ಹೂವಿಗೆ ಹಾರಾಡುವ ಒಂದು ಬಗೆಯ ನೊಣದ ಮರಿಗಳವು, ಗಿಡಕ್ಕೆ ಕೇಡಿಲ್ಲ. ಆದರೂ ಮನೆಯವಳು ಆ ವಾರ ಹರಿವೆ ಸೊಪ್ಪಿನ ಹುಳಿಯನ್ನು ಮುಟ್ಟಲಿಲ್ಲ. ಅದರಲ್ಲಿ ಅವಳ ತಪ್ಪೇನೂ ಇಲ್ಲ. ನಾನೇ ನಿಯಮ ಮಾಡಿಕೊಂಡಿದ್ದೇನೆ: ಸೊಪ್ಪಿನ ಎಲೆಯ ಮೇಲೆ ಈ ನೀರನ್ನು ಚಿಮುಕಿಸುವುದಿಲ್ಲ, ಬುಡಕ್ಕೆ ಮಾತ್ರ ಹಾಕುತ್ತೇನೆ, ಕೊಯ್ಯುವ ಒಂದು ವಾರ ಮೊದಲೇ ನಿಲ್ಲಿಸುತ್ತೇನೆ.

ಫಲಿತಾಂಶಕ್ಕೆ ಬರೋಣ. ಹರಿವೆ, ದಂಟು, ಪಾಲಕ್ ಇವುಗಳ ಮೇಲೆ ಈ ಗೊಬ್ಬರದ ಪ್ರಭಾವ ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿದೆ. ಒಂದೇ ದಿನ ಬಿತ್ತಿದ ಹರಿವೆಯ ಎರಡು ಪಾತಿಗಳಲ್ಲಿ ಒಂದಕ್ಕೆ ಕಾಂಪೋಸ್ಟ್ ಮಾತ್ರ, ಇನ್ನೊಂದಕ್ಕೆ ಕಾಂಪೋಸ್ಟಿನ ಜೊತೆ ವಾರಕ್ಕೊಮ್ಮೆ ದ್ರವಗೊಬ್ಬರ ಕೊಟ್ಟು ನೋಡಿದಾಗ, ಎರಡನೆಯದು ಐದಾರು ದಿನ ಮೊದಲೇ ಕೊಯ್ಲಿಗೆ ಬಂತು, ಎಲೆಯ ಬಣ್ಣವೂ ಗಾಢವಾಗಿತ್ತು. ಮೂರು ಋತುಗಳಲ್ಲಿ ಮಾಡಿ ನೋಡಿದೆ, ಮೂರು ಸಲವೂ ಹೀಗೇ ಆಯಿತು. ಕರಿಬೇವಿನ ಗಿಡವೂ ಚೆನ್ನಾಗಿ ಚಿಗುರುತ್ತದೆ. ಕಾಯಿ ಬಿಡುವ ಗಿಡಗಳ ಕಥೆ ಬೇರೆ. ಈರನಗೆರೆ ಬದನೆಗೆ ಮೊದಲ ವರ್ಷ ಅದೇ ಉತ್ಸಾಹದಲ್ಲಿ ವಾರವಾರವೂ ಹಾಕಿದೆ. ಗಿಡ ಎದೆಮಟ್ಟಕ್ಕೆ ಬೆಳೆದು, ಎಲೆಗಳು ಬಾಳೆಲೆಯ ಕುಡಿಯಷ್ಟು ಅಗಲವಾಗಿ, ಆ ಮೆತ್ತನೆಯ ಚಿಗುರಿಗೆ ಸಸ್ಯಹೇನು ಮುತ್ತಿಕೊಂಡವೇ ಹೊರತು ಹೂವು ಬೆರಳೆಣಿಕೆಯಷ್ಟೂ ಕಚ್ಚಲಿಲ್ಲ. ಈಗ ಬದನೆ, ಟೊಮೆಟೊ, ಮೆಣಸಿನ ಗಿಡಗಳಿಗೆ ಮೊಗ್ಗು ಕಾಣುವವರೆಗೆ ಮಾತ್ರ ಕೊಟ್ಟು, ಅನಂತರ ಕಾಂಪೋಸ್ಟಿಗೆ ಬಿಡುತ್ತೇನೆ. ಟೊಮೆಟೊ ಕಾಯಿಯ ತಳ ಕಪ್ಪಾಗಿ ಕೊಳೆಯುವುದಕ್ಕೆ ಇದು ಮದ್ದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಅದು ಕಾಯಿಗೆ ಕ್ಯಾಲ್ಸಿಯಂ ತಲುಪದೆ ಆಗುವ ತೊಂದರೆ, ಹೆಚ್ಚಿನ ಸಲ ನೀರನ್ನು ಹೊತ್ತಿಗೆ ಸರಿಯಾಗಿ ಹಾಕಿದರೆ ಕಡಿಮೆಯಾಗುತ್ತದೆ, ಸಾರಜನಕ ಹೆಚ್ಚಾದರೆ ಇನ್ನೂ ಕೆಡುತ್ತದೆ.

ನನ್ನದೇ ಒಂದು ದಡ್ಡತನವನ್ನೂ ದಾಖಲಿಸುತ್ತೇನೆ. ಪೊಟ್ಯಾಷ್ ಹೆಚ್ಚಲೆಂದು ಸ್ನಾನದ ಒಲೆಯ ಬೂದಿಯನ್ನು ಎರಡು ಬೊಗಸೆ ತಯಾರಾದ ದ್ರವಕ್ಕೆ ಸುರಿದು ಕಲಕಿದೆ. ಅರೆಕ್ಷಣದಲ್ಲಿ ಕಣ್ಣು ಉರಿಯುವಂಥ ಘಾಟು ಮೇಲೆದ್ದಿತು. ಬೂದಿ ಕ್ಷಾರ, ಕ್ಷಾರ ಸೇರಿದರೆ ನೀರಿನಲ್ಲಿರುವ ಅಮೋನಿಯಂ ಅಮೋನಿಯಾ ಅನಿಲವಾಗಿ ಹಾರಿಹೋಗುತ್ತದೆ. ಮೂರು ವಾರ ಕಾದು ಕೂಡಿಸಿದ ಸಾರಜನಕವನ್ನು ನಾನೇ ಗಾಳಿಗೆ ತೂರಿದ್ದೆ. ಬೂದಿ ಬೇಕಿದ್ದರೆ ಬೇರೆ ದಿನ, ಬೇರೆಯಾಗಿ, ಮಣ್ಣಿಗೇ ಹಾಕಬೇಕು. ತಯಾರಾದ ದ್ರವವನ್ನು ತಿಂಗಳುಗಟ್ಟಲೆ ಇಟ್ಟರೂ ಇದೇ ನಷ್ಟ ನಿಧಾನವಾಗಿ ಆಗುತ್ತದೆ. ಬಿಗಿಯಾಗಿ ಮುಚ್ಚಿದ ಬಾಟಲಿಯಲ್ಲಿ ಇಟ್ಟರೆ ಹುದುಗು ಮುಗಿಯದ ದ್ರವ ಬಾಟಲಿಯನ್ನು ಬಲೂನಿನಂತೆ ಉಬ್ಬಿಸುತ್ತದೆ. ಸ್ನೇಹಿತರಿಗೆ ಕೊಡುವಾಗ ಮುಚ್ಚಳ ಸಡಿಲ ಬಿಡಲು ಹೇಳಿ.

ಬಾಳೆಹಣ್ಣಿನ ಸಿಪ್ಪೆಯ ನೀರನ್ನು ಆರು ತಿಂಗಳು ಪ್ರಾಮಾಣಿಕವಾಗಿ ಬಳಸಿದೆ. ಸಿಪ್ಪೆಯಲ್ಲಿ ಪೊಟ್ಯಾಷ್ ಇರುವುದೂ ನಿಜ, ಅದು ನೀರಿಗಿಳಿಯುವುದೂ ನಿಜ. ಆದರೆ ಸಿಪ್ಪೆಯಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ನೀರೇ ಇರುವಾಗ, ನಾಲ್ಕು ಸಿಪ್ಪೆ ನೆನೆಸಿದ ಎರಡು ಲೀಟರನ್ನು ಹತ್ತು ಕುಂಡಗಳಿಗೆ ಹಂಚಿದರೆ ಒಂದೊಂದಕ್ಕೆ ಸಿಗುವುದು ತೀರ್ಥದ ಪ್ರಮಾಣ. ಸಕ್ಕರೆಯ ಅಂಶಕ್ಕೆ ಬರುವ ಸಣ್ಣ ನೊಣ ಮಾತ್ರ ಧಾರಾಳ. ಸಿಪ್ಪೆಯನ್ನು ನೇರವಾಗಿ ಕಾಂಪೋಸ್ಟಿಗೆ ಹಾಕುವುದೇ ಲೇಸು. ಒಮ್ಮೆ ಸೋಮಾರಿತನಕ್ಕೆ ಒಂದು ಕಂಪನಿಯ ಸಸ್ಯಜನ್ಯ ದ್ರವಗೊಬ್ಬರವನ್ನೂ ತರಿಸಿದ್ದೆ. ಬಾಟಲಿಯ ಮೇಲೆ ಎಲೆಗಳ ಚಿತ್ರಗಳಿದ್ದವು, ಸಾರಜನಕ ಎಷ್ಟಿದೆಯೆಂಬ ಅಂಕಿ ಮಾತ್ರ ಎಲ್ಲಿಯೂ ಇರಲಿಲ್ಲ. ಎರಡನೆಯ ಬಾಟಲಿ ತರಿಸಲಿಲ್ಲ.

ಕಾಂಗ್ರೆಸ್ ಗಿಡವನ್ನು ಹೂಬಿಡುವ ಮೊದಲು ಕಿತ್ತು ಕೊಳೆಸಬಹುದೆಂದು ಹಲವರು ಹೇಳುತ್ತಾರೆ. ಅದನ್ನು ಮುಟ್ಟಿದರೆ ನನಗೆ ಮೈ ತುರಿಸುವುದರಿಂದ ಆ ಪ್ರಯೋಗ ಮಾಡಿಲ್ಲ. ಎಕ್ಕದ ಎಲೆ ಹಾಕಿದ್ದೇನೆ. ಬೇಗ ಕರಗುತ್ತದೆ, ಆದರೆ ಅದರ ಹಾಲು ಕಣ್ಣಿಗೆ ತಾಗದಂತೆ ಎಚ್ಚರ ಬೇಕು. ಬೇವಿನ ಸೊಪ್ಪನ್ನು ಹೆಚ್ಚು ಹಾಕಿದಾಗ ಕೊಳೆಯುವುದು ನಿಧಾನವಾಯಿತು.

ಕೊನೆಗೆ ಡ್ರಮ್ಮಿನ ದೂರುಗಳು. ಗುಜರಿ ಅಂಗಡಿಯ ಡ್ರಮ್ ಕೊಳ್ಳುವವರು ಅದರಲ್ಲಿ ಮೊದಲು ಏನಿತ್ತೆಂದು ಕೇಳಿ ತಿಳಿಯಲೇಬೇಕು. ಅಂಗಡಿಯವನು ಗೊತ್ತಿಲ್ಲವೆಂದರೆ ಬಿಟ್ಟುಬಿಡಿ. ನಾನು ಹೊಸದನ್ನೇ, ನಲ್ಲಿ ಕೂರಿಸಿದ್ದನ್ನೇ ಕೊಂಡೆ, ಆ ನಲ್ಲಿಗಾಗಿ ಹೆಚ್ಚು ಹಣವನ್ನೂ ಕೊಟ್ಟೆ. ಹಿಂಡಿಯ ಗಸಿ ಮತ್ತು ಎಲೆಯ ನಾರು ಒಂದು ತಿಂಗಳೊಳಗೆ ಅದನ್ನು ಕಟ್ಟಿಸಿಬಿಟ್ಟವು. ತಂತಿ ತೂರಿಸಿ ಬಿಡಿಸಲು ಹೋದಾಗ ವಾಷರ್ ಹರಿದು ಗೊಬ್ಬರವೆಲ್ಲ ಒಗೆಯುವ ಕಲ್ಲಿನ ಸುತ್ತ ಹರಿಯಿತು. ಈಗ ಮಗ್ಗಿನಿಂದ ಮೊಗೆಯುತ್ತೇನೆ, ಏನೂ ತೊಂದರೆಯಿಲ್ಲ. ಮತ್ತೆ ಕೊಳ್ಳುವುದಾದರೆ 60 ಲೀಟರಿನ ಒಂದರ ಬದಲು 30 ಲೀಟರಿನ ಎರಡು ಬಾಯಗಲದ ಬಕೆಟ್ ಕೊಳ್ಳುತ್ತೇನೆ: ಒಂದರಲ್ಲಿ ಕೊಳೆಯುತ್ತಿರುವಾಗ ಇನ್ನೊಂದರಿಂದ ಬಳಸಬಹುದು, ತೊಳೆಯುವಾಗ ಒಬ್ಬರೇ ಎತ್ತಿ ಬಗ್ಗಿಸಬಹುದು, ಮಳೆ ಬಂದಾಗ ಸೂರಿನಡಿಗೆ ಎಳೆದಿಡಬಹುದು. ನಲ್ಲಿ ಬೇಡವೇ ಬೇಡ.