‘ಎಲ್ಲಾ ಸೇರಿ’ ಅನ್ನುವ ರೆಸಾರ್ಟ್‌ನಲ್ಲಿ ಬೆಳಗಿನ ತಿಂಡಿಗೆ ಕರೆದರೆ ದಯವಿಟ್ಟು ಹೋಗಬೇಡಿ

ಇದನ್ನು ಬರೆಯಲು ನಾಚಿಕೆಯಾಗುತ್ತಿದೆ. ಎರಡು ತಿಂಗಳಿಂದ ಯಾರಿಗೂ ಹೇಳಿರಲಿಲ್ಲ. ಅಮ್ಮನಿಗೆ ಈಗಲೂ ಗೊತ್ತಿಲ್ಲ. “ಟ್ರಿಪ್ ಹೇಗಿತ್ತು?” ಎಂದು ಕೇಳಿದವರಿಗೆಲ್ಲ “ಚೆನ್ನಾಗಿತ್ತು, ಸಮುದ್ರ ಎದುರಿಗೇ ಇತ್ತು” ಎಂದು ಹೇಳಿಕೊಂಡು ಬಂದೆ. ಮೊನ್ನೆ ಗೆಳತಿಯೊಬ್ಬಳು ಅಂಥದ್ದೇ ರೆಸಾರ್ಟ್ ಬುಕ್ ಮಾಡುತ್ತಿದ್ದೇನೆ ಎಂದಾಗ ತಡೆಯಲಾಗಲಿಲ್ಲ. ಹೇಳುತ್ತಾ ಹೇಳುತ್ತಾ ಅಳು ಬಂತು. “ಬರೆದು ಹಾಕು, ನಾಲ್ಕು ಜನಕ್ಕಾದರೂ ಗೊತ್ತಾಗಲಿ” ಅಂದಳು. ಅದಕ್ಕೇ ಬರೆಯುತ್ತಿದ್ದೇನೆ.

ಮದುವೆಯಾಗಿ 20 ವರ್ಷ ಆಯಿತು ಅಂತ ಹೋಗಿದ್ದೆವು. ಮಕ್ಕಳನ್ನು ಅಮ್ಮನ ಹತ್ತಿರ ಬಿಟ್ಟು ನಾವಿಬ್ಬರೇ ಹೊರಟಿದ್ದು ಅದೇ ಮೊದಲು. ಕೆರಿಬಿಯನ್ ಕಡಲ ದಂಡೆಯ ರೆಸಾರ್ಟ್, 5 ರಾತ್ರಿ. ಅಡಲ್ಟ್ಸ್ ಓನ್ಲಿ, ಆಲ್ ಇನ್‌ಕ್ಲೂಸಿವ್. ದುಡ್ಡು ಇನ್ನೂ ಅವರ ಕೈಯಲ್ಲೇ ಇರುವುದರಿಂದ ಹೆಸರು ಹೇಳುವುದಿಲ್ಲ. ಇಂಥ ಕಡೆ ಲೆಕ್ಕಾಚಾರ ಹೇಗೆ ಅಂತ ಹೋಗಿಬಂದವರಿಗೆಲ್ಲ ಗೊತ್ತು. ಒಂದೇ ಸಲ ದುಡ್ಡು ಕಟ್ಟುವುದು, ಕೈಗೆ ಬ್ಯಾಂಡ್ ಹಾಕಿಸಿಕೊಳ್ಳುವುದು, ಆಮೇಲೆ ಹೊರಡುವ ತನಕ ಪರ್ಸ್ ಮುಟ್ಟಬೇಕಿಲ್ಲ. ಊಟ, ಡ್ರಿಂಕ್ಸ್, ಪೂಲ್, ಸಂಜೆಯ ಕಾರ್ಯಕ್ರಮ ಎಲ್ಲಾ ಅದರಲ್ಲೇ. ಬೇರೆ ಹೋಟೆಲಿಗಿಂತ ಜಾಸ್ತಿ ಕೊಡುವುದೇ ಆ ನೆಮ್ಮದಿಗೆ. ಮಕ್ಕಳ ಗಲಾಟೆ ಇರಬಾರದು ಅಂತ ಅದರ ಮೇಲೆ ಇನ್ನಷ್ಟು ಕೊಟ್ಟಿದ್ದೆವು.

ರಾತ್ರಿಯೆಲ್ಲ ವಿಮಾನದಲ್ಲಿ ಕೂತು ಬಂದಿದ್ದೆವು. ರೂಮು ಮಧ್ಯಾಹ್ನ 3ಕ್ಕೆ ಅಂದರು. ರಿಸೆಪ್ಷನ್‌ನಲ್ಲಿ ಪಾಸ್‌ಪೋರ್ಟ್ ನೋಡಿ ನೀಲಿ ಬ್ಯಾಂಡ್ ಕಟ್ಟಿದರು. “ಈಗ ಆ ಮೇಜಿಗೆ ಹೋಗಿ, ಅಲ್ಲಿ ಉಳಿದದ್ದು ಹೇಳುತ್ತಾರೆ” ಎಂದು ಕೈ ತೋರಿಸಿದರು. ಈ ಮಾತನ್ನು ನೆನಪಿಟ್ಟುಕೊಳ್ಳಿ. ನಮ್ಮನ್ನು ಆ ಮೇಜಿಗೆ ಕಳಿಸಿದ್ದು ರಿಸೆಪ್ಷನ್‌ನವರೇ.

ಆ ಮೇಜಿನ ಹುಡುಗನದ್ದೂ ಅದೇ ಬಟ್ಟೆ, ಅದೇ ಬ್ಯಾಡ್ಜ್. ನಮ್ಮ ಹೆಸರು ಗೊತ್ತಿತ್ತು. ಮದುವೆಯ ವಾರ್ಷಿಕೋತ್ಸವ ಅಂತಲೂ ಗೊತ್ತಿತ್ತು, ಬುಕಿಂಗ್ ಮಾಡುವಾಗ ನಾನೇ ಬರೆದಿದ್ದೆ. ಟವೆಲ್ ಕಾರ್ಡ್ ಕೊಟ್ಟ, ನಕ್ಷೆ ಕೊಟ್ಟ. “ನಾಳೆ ಬೆಳಗ್ಗೆ 9ಕ್ಕೆ ಬೇರೆ ಜಾಗದಲ್ಲಿ ನಿಮಗೆ ವಿಶೇಷ ತಿಂಡಿ. ರೆಸಾರ್ಟ್ ತೋರಿಸುತ್ತೇವೆ. ಬಂದವರಿಗೆ ಇಬ್ಬರಿಗೂ ಮಸಾಜ್, ಬೀಚ್‌ನಲ್ಲಿ ಒಂದು ರಾತ್ರಿ ಊಟ ಉಡುಗೊರೆ” ಅಂದ. ಎಷ್ಟು ಹೊತ್ತು ಎಂದು ನಮ್ಮನೆಯವರು ಕೇಳಿದರು. “90 ನಿಮಿಷ, ಅಷ್ಟೇ.” ಜಾಗ ಹಿಡಿಯಲು ಸ್ವಲ್ಪ ದುಡ್ಡು ಕೊಡಿ, ಬಂದ ಮೇಲೆ ವಾಪಸ್ ಅಂದ. ಕೊಟ್ಟೆವು. ಅಲ್ಲೇ ಗೊತ್ತಾಗಬೇಕಿತ್ತು. ಎಲ್ಲಾ ಸೇರಿದೆ ಎಂದ ಮೇಲೆ ತಿಂಡಿಗೆ ಯಾಕೆ ಡೆಪಾಸಿಟ್?

ಮೊದಲ ದಿನವೇ ಬ್ಯಾಂಡಿನ ಬಣ್ಣದ ವಿಷಯ ಗೊತ್ತಾಯಿತು. ಕೆಲವರ ಕೈಯಲ್ಲಿ ಚಿನ್ನದ ಬಣ್ಣದ್ದು, ನಮ್ಮದು ನೀಲಿ. ಬಾರ್‌ನಲ್ಲಿ ಗ್ಲಾಸ್ ಕೇಳಿದರೆ ಮೊದಲು ಕೈ ನೋಡುತ್ತಾರೆ, ಆಮೇಲೆ ಮುಖ. ವೆಬ್‌ಸೈಟ್‌ನಲ್ಲಿ ಆರು ರೆಸ್ಟೋರೆಂಟ್ ತೋರಿಸಿದ್ದರು. ಬಫೆ ಬಿಟ್ಟು ಉಳಿದದ್ದಕ್ಕೆಲ್ಲ ಮುಂಚೆಯೇ ಟೇಬಲ್ ಹಿಡಿಯಬೇಕು. ಕೇಳಿದರೆ “ಫುಲ್ ಮೇಡಂ, ರಾತ್ರಿ ಒಂಬತ್ತೂಮುಕ್ಕಾಲಿಗೆ ಕೊಡಬಹುದು.” ಬಾಗಿಲಿಂದ ಇಣುಕಿದೆ. ಅರ್ಧ ಟೇಬಲ್ ಖಾಲಿ. ರೂಮಿನ ಫ್ರಿಜ್‌ನಲ್ಲಿ ಮೇಲಿನ ಸಾಲು ಉಚಿತ, ಕೆಳಗಿನ ಪುಟ್ಟ ಬಾಟಲಿಗಳಿಗೆ ಬಿಲ್. ಅದು ಬರೆದಿದ್ದದ್ದು ಫ್ರಿಜ್ ಬಾಗಿಲ ಒಳಗೆ, ಇರುವೆಯಷ್ಟು ಅಕ್ಷರದಲ್ಲಿ. ಪ್ರತಿ ರಾತ್ರಿಗೂ ಸರ್ಕಾರದ ಪರಿಸರ ಶುಲ್ಕ ಬೇರೆ ಇತ್ತು. ಅದು ಸರ್ಕಾರದ್ದು, ಬಿಡಿ. ಆದರೆ ಮೊದಲೇ ಹೇಳಬಹುದಿತ್ತು ಅಲ್ವಾ?

ಇನ್ನು ಅಡಲ್ಟ್ಸ್ ಓನ್ಲಿ. ಪೂಲ್‌ಗೆ ಹೋದರೆ ಮಕ್ಕಳು! ಗಾಳಿ ತುಂಬಿದ ಬಾತುಕೋಳಿ ಹಿಡಿದುಕೊಂಡು ನೀರಿಗೆ ಹಾರುತ್ತಿದ್ದವು. ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ, ನನಗೂ ಇಬ್ಬರಿದ್ದಾರೆ. ರಿಸೆಪ್ಷನ್‌ಗೆ ಹೋಗಿ ಕೇಳಿದೆ.

“ಮೇಡಂ, ನಿಮ್ಮ ಕಟ್ಟಡದಲ್ಲಿ ಮಕ್ಕಳಿಲ್ಲ.”

“ಪೂಲ್‌ನಲ್ಲಿ ಇದ್ದಾರಲ್ಲ?”

“ಅದು ಎಲ್ಲರ ಪೂಲ್. ನಿಮ್ಮ ಕಟ್ಟಡದಲ್ಲಿ ಮಕ್ಕಳಿಲ್ಲ.”

ಮೂರು ಸಲ ಅದನ್ನೇ ಹೇಳಿದರು. ದೊಡ್ಡ ಫ್ಯಾಮಿಲಿ ರೆಸಾರ್ಟ್‌ನ ಒಂದು ಬ್ಲಾಕ್‌ಗೆ ಆ ಬೋರ್ಡ್ ಹಾಕಿದ್ದಾರೆ, ಅಷ್ಟೇ. ಬೀಚು, ಬಫೆ, ಪೂಲ್ ಎಲ್ಲಾ ಒಂದೇ. ಬುಕಿಂಗ್ ಪುಟದಲ್ಲಿ “ಸೆಕ್ಷನ್” ಎಂಬ ಪದ ಇತ್ತು. ನಾನು ಅದನ್ನು ಓದಿಯೂ ಗಮನ ಕೊಟ್ಟಿರಲಿಲ್ಲ.

ಬೀಚ್‌ನಲ್ಲಿ ಮೊಣಕಾಲೆತ್ತರ ಕಂದು ಪಾಚಿಯ ರಾಶಿ. ಸರ್ಗಾಸಮ್ ಅಂತಾರೆ. ಕೆರಿಬಿಯನ್ ದಂಡೆಗಳಿಗೆ 2011ರಿಂದ ಹೀಗೆ ರಾಶಿ ರಾಶಿ ಬಂದು ಬೀಳುತ್ತಿದೆ, ಬೇಸಿಗೆಯ ತಿಂಗಳುಗಳಲ್ಲಿ ಜಾಸ್ತಿ. ಕೊಳೆತರೆ ಕೊಳೆತ ಮೊಟ್ಟೆಯ ವಾಸನೆ. ಅದು ರೆಸಾರ್ಟ್‌ನವರ ತಪ್ಪಲ್ಲ. ಆದರೆ ಹೊರಡುವ ವಾರ ನಾನು ಫೋನ್ ಮಾಡಿ ಕೇಳಿದ್ದೆ. “ಬೀಚ್ ಕನ್ನಡಿಯ ಹಾಗಿದೆ ಮೇಡಂ” ಅಂದಿದ್ದರು. ಇದು ಮಾತ್ರ ಅವರ ತಪ್ಪೇ.

ಈಗ ಆ ತಿಂಡಿ.

ಬೆಳಗ್ಗೆ 9ಕ್ಕೆ ಕೂತೆವು. ಎದ್ದಾಗ ಮಧ್ಯಾಹ್ನ ಒಂದೂವರೆ. 90 ನಿಮಿಷ ಅಂದಿದ್ದರು! ಮೊದಲು ಬಂದವನು ತುಂಬಾ ಸ್ನೇಹದಿಂದ ಮಾತಾಡಿದ. ಮಕ್ಕಳು ಏನು ಓದುತ್ತಿದ್ದಾರೆ, ಅಮ್ಮನ ಮಂಡಿನೋವು ಹೇಗಿದೆ ಅಂತೆಲ್ಲ. ನಾನೂ ಮನೆಯವರ ಹತ್ತಿರ ಮಾತಾಡುವಂತೆ ಎಲ್ಲಾ ಹೇಳಿದೆ. ಆಮೇಲೆ ಒಂದು ಹಾಳೆ ತೆಗೆದ. ವರ್ಷಕ್ಕೆ ರಜೆಗೆ ಎಷ್ಟು ಖರ್ಚು ಮಾಡುತ್ತೀರಿ ಎಂದು ಕೇಳಿ, ಅದನ್ನು 20ರಿಂದ ಗುಣಿಸಿ, ನಮಗೆ ನೇರವಾಗಿ ಕಾಣುವ ಹಾಗೆ ಅಂಕಿಗಳನ್ನು ತಲೆಕೆಳಗಾಗಿ ಬರೆದ. ಎಷ್ಟು ಅಭ್ಯಾಸ ಇರಬೇಕು ನೋಡಿ. ಆ ಮೊತ್ತದ ಸುತ್ತ ಎರಡು ಸಲ ಗೆರೆ ಎಳೆದು “ಇಷ್ಟೂ ದುಡ್ಡು ಸಮುದ್ರಕ್ಕೆ ಹಾಕಿದ ಹಾಗೆ” ಅಂದ. ಅವರು ಮಾರುತ್ತಿದ್ದದ್ದು ಟೈಮ್‌ಶೇರ್, ಅಂದರೆ ಪ್ರತಿ ವರ್ಷ ಕೆಲವು ದಿನ ರೆಸಾರ್ಟ್‌ನಲ್ಲಿ ಉಳಿಯುವ ಹಕ್ಕನ್ನು ಮೊದಲೇ ದುಡ್ಡು ಕೊಟ್ಟು ಕೊಳ್ಳುವುದು. ಆದರೆ ಆ ಪದ ಒಬ್ಬರ ಬಾಯಲ್ಲೂ ಬರಲಿಲ್ಲ. “ಕ್ಲಬ್”, “ಕುಟುಂಬ”, “ಮೆಂಬರ್‌ಶಿಪ್”, ಇಷ್ಟೇ.

ಬೇಡ ಅಂದೆವು. ಎರಡನೆಯವನು ಬಂದ, ಮ್ಯಾನೇಜರ್ ಅಂತೆ. ಬೆಲೆ ಇಳಿಯಿತು. ಮತ್ತೆ ಬೇಡ ಅಂದೆವು. ಮೂರನೆಯವಳು ಬಂದಳು, ಮತ್ತೆ ಇಳಿಯಿತು. ಈ ಬೆಲೆ ಇವತ್ತು ಮಾತ್ರ, ಈ ಬಾಗಿಲು ದಾಟಿದರೆ ಇಲ್ಲ. ಯಾರದೋ ಮೇಜಿನಲ್ಲಿ ಬಾಟಲಿ ಡಬ್ ಎಂದು ತೆರೆಯುತ್ತಿತ್ತು, ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ನಮ್ಮನೆಯವರು ನನ್ನ ಮುಖ ನೋಡಿದರು. ನಾನು ತಲೆ ಆಡಿಸಿದೆ. ಹೌದು, ನಾನೇ. ಇವರಿಗೆ ಮನಸ್ಸಿರಲಿಲ್ಲ. ಮಕ್ಕಳನ್ನೂ ಅಮ್ಮನನ್ನೂ ಪ್ರತಿ ವರ್ಷ ಕರೆದುಕೊಂಡು ಬರಬಹುದು ಅಂತ ಆಸೆಪಟ್ಟವಳು ನಾನು. ಕಾರ್ಡ್ ಉಜ್ಜಿಸಿ ಮುಂಗಡ ಕೊಟ್ಟೆವು. ನಾವು ಇಡೀ ಟ್ರಿಪ್‌ಗೆ ಕಟ್ಟಿದ್ದಕ್ಕಿಂತ ಜಾಸ್ತಿ.

ಸಹಿ ಆದ ತಕ್ಷಣ ಅವಳು ಪುಟ್ಟ ಕತ್ತರಿ ತಂದು ನಮ್ಮ ನೀಲಿ ಬ್ಯಾಂಡ್ ಕತ್ತರಿಸಿ ಚಿನ್ನದ ಬಣ್ಣದ್ದು ಕಟ್ಟಿದಳು. ಅದೇ ಸಂಜೆ ಫುಲ್ ಆಗಿದ್ದ ರೆಸ್ಟೋರೆಂಟ್‌ನಲ್ಲಿ ಕಿಟಕಿ ಪಕ್ಕದ ಟೇಬಲ್ ಸಿಕ್ಕಿತು. ಏಳು ಗಂಟೆಗೇ. ನನಗೆ ಖುಷಿಯಾಯಿತು. ಆ ಖುಷಿ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ನಾವು ಮೊದಲೇ ದುಡ್ಡು ಕೊಟ್ಟಿದ್ದನ್ನೇ ಅವರು ಬಚ್ಚಿಟ್ಟು, ಇನ್ನೊಂದು ಸಲ ನಮಗೇ ಮಾರಿದ್ದರು.

ಮರುದಿನ ಪೂಲ್ ಹತ್ತಿರ ಒಬ್ಬ ಹೆಂಗಸು ನನ್ನ ಕೈ ನೋಡಿ, “ನೀವೂ ಸಹಿ ಹಾಕಿದಿರಾ?” ಅಂದರು. ಅವರು ಮೂರು ವರ್ಷದ ಹಿಂದೆ ಹಾಕಿದ್ದರಂತೆ. ಬೇರೆ ಏನೂ ಹೇಳಲಿಲ್ಲ. “ನಿಮ್ಮ ಮೆಂಬರ್ ರೇಟು, ಹೊರಗಿನ ರೇಟು ಎರಡೂ ನೋಡಿ” ಅಂದರು. ಅಲ್ಲೇ ಒದ್ದೆ ಕೈಯಲ್ಲೇ ಫೋನ್ ತೆಗೆದೆ. ಮುಂದಿನ ವರ್ಷದ ಅದೇ ವಾರ, ಅದೇ ರೂಮು, ಮೆಂಬರ್ ಅಲ್ಲದವರಿಗೆ ಮಾಮೂಲಿ ಬುಕಿಂಗ್ ಸೈಟ್‌ನಲ್ಲಿ ಕಡಿಮೆ! ಎರಡು ಸಲ ನೋಡಿದೆ. ತಾರೀಕು ತಪ್ಪು ಹಾಕಿದೆನೇನೋ ಅಂತ ಮೂರನೇ ಸಲ ನೋಡಿದೆ. ಕಿವಿ ಬಿಸಿಯಾಯಿತು. ಇವರು ಪಕ್ಕದಲ್ಲಿ ಕಣ್ಣು ಮುಚ್ಚಿ ಮಲಗಿದ್ದರು. ಎಬ್ಬಿಸಿ ಹೇಳಲು ಹತ್ತು ನಿಮಿಷ ಬೇಕಾಯಿತು ನನಗೆ.

ರೂಮಿಗೆ ಓಡಿ ಒಪ್ಪಂದ ಓದಿದೆವು. ಮೂವತ್ತು ಪುಟ. ವರ್ಷ ವರ್ಷ ಮೇಂಟೆನೆನ್ಸ್ ಫೀಸು, ಅದನ್ನು ಏರಿಸುವ ಹಕ್ಕು ಅವರದ್ದು. “ಬಾಯಿಮಾತಿನ ಯಾವ ಭರವಸೆಯನ್ನೂ ನಂಬಿ ಸಹಿ ಹಾಕಿಲ್ಲ” ಎಂಬ ಸಾಲು, ಅದರ ಪಕ್ಕ ನನ್ನದೇ ಚಿಕ್ಕ ಸಹಿ. ಕೊನೆಯಲ್ಲಿ, 27ನೇ ಪುಟದಲ್ಲಿ, 5 ಕೆಲಸದ ದಿನದೊಳಗೆ ರದ್ದು ಮಾಡಬಹುದು ಅಂತ ಇತ್ತು. ಸಹಿ ಹಾಕುವಾಗ ಇವರು ಸರಿಯಾಗಿ ಕೇಳಿದ್ದರು, ಆಮೇಲೆ ಬೇಡ ಅನಿಸಿದರೆ ಏನು ಎಂದು. “ಒಂದು ಸಲ ಹಾಕಿದರೆ ಮುಗಿಯಿತು ಸರ್, ಆದರೆ ಯಾರಿಗೂ ಬೇಡ ಅನಿಸಿದ್ದೇ ಇಲ್ಲ” ಅಂದಿದ್ದಳು ಆಕೆ.

ಹೋದೆವು. ಕಚೇರಿ ಮುಚ್ಚಿತ್ತು. ರಿಸೆಪ್ಷನ್‌ಗೆ ಹೋದೆವು.

“ಮೇಡಂ, ಆ ಕಂಪನಿ ಬೇರೆ, ರೆಸಾರ್ಟ್ ಬೇರೆ.”

“ಆ ಮೇಜಿಗೆ ನಮ್ಮನ್ನು ಕಳಿಸಿದ್ದು ನೀವೇ ಅಲ್ವಾ?”

“ನಾವು ಯಾರನ್ನೂ ಎಲ್ಲಿಗೂ ಕಳಿಸುವುದಿಲ್ಲ ಮೇಡಂ. ಆ ಕಂಪನಿ ಬೇರೆ.”

ಮರುದಿನ ಹೋದರೆ “ಮ್ಯಾನೇಜರ್ ರಜೆ, ನಾಳೆ 10ಕ್ಕೆ ಬನ್ನಿ.” ಅದರ ಮರುದಿನ 10ಕ್ಕೆ ಹೋದರೆ ಮತ್ತೆ “ನಾಳೆ 10ಕ್ಕೆ.” ನಾಳೆ 11ಕ್ಕೆ ನಮ್ಮ ಚೆಕ್‌ಔಟ್ ಅಂತ ಅವರಿಗೆ ಚೆನ್ನಾಗಿ ಗೊತ್ತು. ದಿನ ಕಳೆಯಲಿ ಅಂತಲೇ ಕಾಯುತ್ತಿದ್ದರು. ಅಮ್ಮನ ಮಂಡಿನೋವು ವಿಚಾರಿಸಿದ್ದ ಹುಡುಗ ಎದುರಿಗೇ ಸಿಕ್ಕಿದ. ಕರೆದೆ. ಗುರುತೇ ಇಲ್ಲದವನ ಹಾಗೆ ಹೋಗಿಬಿಟ್ಟ. ಎಲ್ಲಕ್ಕಿಂತ ಜಾಸ್ತಿ ನೋವಾಗಿದ್ದು ನನಗೆ ಅದೇ.

ಆ ರಾತ್ರಿ ಇವರು ರದ್ದತಿ ಪತ್ರ ಕೈಯಲ್ಲೇ ಬರೆದರು. ಇಬ್ಬರೂ ಸಹಿ ಹಾಕಿದೆವು. ಫೋಟೋ ತೆಗೆದು ಒಪ್ಪಂದದಲ್ಲಿದ್ದ ಪ್ರತಿ ಈಮೇಲ್ ವಿಳಾಸಕ್ಕೂ ಕಳಿಸಿದೆವು. ಬೆಳಗ್ಗೆ ಪ್ರತಿಯನ್ನು ಕಚೇರಿಯಲ್ಲಿ ಕೊಟ್ಟರೆ ಸೀಲ್ ಹಾಕಲು ಒಪ್ಪಲಿಲ್ಲ. ಮೇಜಿನ ಮೇಲಿಟ್ಟು ಅದರ ಫೋಟೋ ತೆಗೆದುಕೊಂಡು, ಇನ್ನೊಂದು ಪ್ರತಿಯನ್ನು ಕೊರಿಯರ್ ಮಾಡಿ ಬಂದೆವು. ಆ ಈಮೇಲ್ ಒಂದೇ ಇವತ್ತು ನಮ್ಮ ಆಧಾರ. ರದ್ದು ಒಪ್ಪಿದ್ದೇವೆ ಎಂದು ಬರೆದಿದ್ದಾರೆ, ದುಡ್ಡು ಇನ್ನೂ ಬಂದಿಲ್ಲ. ಕೇಳಿದಾಗೆಲ್ಲ “ಸಂಬಂಧಪಟ್ಟ ವಿಭಾಗಕ್ಕೆ ಕಳಿಸಿದ್ದೇವೆ” ಎಂಬ ಒಂದೇ ಸಾಲು. ಕಾರ್ಡ್ ಕೊಟ್ಟ ಬ್ಯಾಂಕಿಗೆ ದೂರು ಕೊಟ್ಟಿದ್ದೇವೆ.

ಆಮೇಲೆ ಓದಿ ತಿಳಿದುಕೊಂಡೆ. ಮೆಕ್ಸಿಕೋದಲ್ಲಿ ಹೀಗೆ 5 ಕೆಲಸದ ದಿನದೊಳಗೆ ರದ್ದು ಮಾಡುವ ಹಕ್ಕನ್ನು ಕಾನೂನೇ ಕೊಟ್ಟಿದೆ. ಯುರೋಪಿಯನ್ ಒಕ್ಕೂಟದಲ್ಲಿ 14 ದಿನ, ಅಷ್ಟು ದಿನ ಮುಂಗಡ ತೆಗೆದುಕೊಳ್ಳುವಂತೆಯೇ ಇಲ್ಲ. ದೇಶ ದೇಶಕ್ಕೆ ಬೇರೆ ಬೇರೆ ಇರುತ್ತದೆ. ಆ ಮೇಜಿನಲ್ಲಿ ಕೂತವರು ಇದನ್ನು ಎಂದಿಗೂ ಹೇಳುವುದಿಲ್ಲ.

ಇನ್ನೊಂದು. ವಾಪಸ್ ಬಂದ ಮೂರೇ ವಾರಕ್ಕೆ ಗೊತ್ತಿಲ್ಲದ ನಂಬರಿಂದ ಫೋನ್. “ನಿಮ್ಮ ಮೆಂಬರ್‌ಶಿಪ್ ಕೊಳ್ಳುವವರು ಸಿಕ್ಕಿದ್ದಾರೆ, ಮೊದಲು ತೆರಿಗೆ ಕಟ್ಟಿ.” ನಮ್ಮ ನಂಬರ್ ಅವರಿಗೆ ಹೇಗೆ ಸಿಕ್ಕಿತು? ಇದು ಎರಡನೇ ಮೋಸ. ಟೈಮ್‌ಶೇರ್ ಇರುವವರಿಗೆ ಹೀಗೇ ಫೋನ್ ಮಾಡಿ ಮೊದಲೇ ದುಡ್ಡು ಕಟ್ಟಿಸಿಕೊಳ್ಳುತ್ತಿದ್ದ, ಡ್ರಗ್ ಗ್ಯಾಂಗ್ ಜೊತೆ ನಂಟಿದ್ದ ಮೆಕ್ಸಿಕೋದ ಕಂಪನಿಗಳ ಮೇಲೆ ಅಮೆರಿಕದ ಖಜಾನೆ ಇಲಾಖೆ 2023ರಲ್ಲಿ ನಿರ್ಬಂಧ ಹಾಕಿದೆ. ಒಂದು ಸಲ ಸುಟ್ಟುಕೊಂಡವರನ್ನೇ ಹುಡುಕಿ ಬರುತ್ತಾರೆ. ಮಾತಾಡಲೇಬೇಡಿ, ಫೋನ್ ಇಡಿ.

ಹೋಗುವವರಿಗೆ ಹೇಳುವುದು ಇಷ್ಟೇ. ಇಡೀ ರೆಸಾರ್ಟ್ ಅಡಲ್ಟ್ಸ್ ಓನ್ಲಿಯಾ, ಒಂದು ಬ್ಲಾಕ್ ಮಾತ್ರವಾ ಅಂತ ಬರಹದಲ್ಲಿ ಕೇಳಿ. ನಿಮ್ಮ ಬ್ಯಾಂಡ್‌ಗೆ ಯಾವ ರೆಸ್ಟೋರೆಂಟ್, ಎಷ್ಟು ಸಲ ಅಂತಲೂ ಕೇಳಿ. ಬ್ಯಾಂಡ್ ಕಟ್ಟಿದ ಮೇಲೆ ಎರಡನೇ ಮೇಜಿಗೆ ಕಳಿಸಿದರೆ ಹೋಗಬೇಡಿ. ಟವೆಲ್ ಕಾರ್ಡ್ ರಿಸೆಪ್ಷನ್‌ನಲ್ಲೇ ಕೇಳಿ. ಮಸಾಜ್ ಬೇಕಿದ್ದರೆ ದುಡ್ಡು ಕೊಟ್ಟು ಮಾಡಿಸಿಕೊಳ್ಳಿ. ಅದು ಎಷ್ಟೋ ಅಗ್ಗ. ನಮಗೆ ಅಂದಿದ್ದ ಮಸಾಜ್ ಕೊನೆಗೂ ಸಿಗಲಿಲ್ಲ, “ಸ್ಲಾಟ್ ಇಲ್ಲ” ಅಂದರು.

ನೀವು ಈಗ ಅಂಥ ರೂಮಿನಲ್ಲೇ ಕೂತು ಇದನ್ನು ಓದುತ್ತಿದ್ದರೆ, ಸಹಿ ಹಾಕಿ ಇನ್ನೂ ದಿನ ಮೀರಿಲ್ಲದಿದ್ದರೆ, ಇವತ್ತೇ ಪತ್ರ ಬರೆಯಿರಿ. ಈಗಲೇ. ನಾಳೆ 10ಕ್ಕೆ ಬನ್ನಿ ಅಂದರೆ ಕಾಯಬೇಡಿ.