ಕಿವಿತಮಟೆಗೆ ಯಾವ ಪೊರೆ ಹಾಕಿದರು ಅಂತ ಬರೆಸಿಕೊಳ್ಳಿ

ಒಂದೇ ಕಿವಿಗೆ ಎರಡು ಸಲ ಆಪರೇಷನ್ ಆಯಿತು. ಮೊದಲನೆಯದು ಕೈಕೊಟ್ಟಿತು ಅನ್ನುವುದಕ್ಕಿಂತ, ಅದರಲ್ಲಿ ಏನು ಮಾಡಿದ್ದರು ಅನ್ನುವುದೇ ಗೊತ್ತಾಗದೆ ಹೋದದ್ದು ನನ್ನನ್ನು ಹೆಚ್ಚು ಸತಾಯಿಸಿತು.

ಚಿಕ್ಕಂದಿನಿಂದ ನನ್ನ ಬಲಗಿವಿ ಸೋರುತ್ತಿತ್ತು. ನೆಗಡಿ ಬಂದರೆ ಬೆಳಗಾಗುವಷ್ಟರಲ್ಲಿ ದಿಂಬು ಒದ್ದೆ. ಅಜ್ಜಿ ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ಬಿಡುತ್ತಿದ್ದರು. ತೂತಾದ ತಮಟೆಯ ಕಿವಿಗೆ ಎಣ್ಣೆ, ನೀರು ಯಾವುದೂ ಇಳಿಯಬಾರದು. ಆಗ ಮನೆಯಲ್ಲಿ ಯಾರಿಗೂ ಅದು ತಿಳಿದಿರಲಿಲ್ಲ.

ಮೊದಲ ಆಸ್ಪತ್ರೆಯಲ್ಲಿ "ಪೊರೆ ಹಾಕ್ತೀವಿ, ಸರಿಹೋಗುತ್ತೆ" ಅಂದರು. ಸಹಿ ಮಾಡಿದೆ. ನನಗೆ ಧೂಳಿನ ಅಲರ್ಜಿ, ವರ್ಷವಿಡೀ ಸೀನುತ್ತೇನೆ. ಅದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಐದನೇ ತಿಂಗಳಿಗೆ ಕಿವಿ ಮತ್ತೆ ಸೋರಿತು.

ಎರಡನೆಯ ಡಾಕ್ಟರ ಮೊದಲ ಪ್ರಶ್ನೆ: "ಯಾವ ಗ್ರಾಫ್ಟ್ ಹಾಕಿದ್ರಮ್ಮ?" ಗ್ರಾಫ್ಟ್ ಅಂದರೆ ತಮಟೆಯ ತೂತು ಮುಚ್ಚಲು ನಮ್ಮದೇ ಮೈಯಿಂದ ತೆಗೆದು ಹಾಕುವ ತುಂಡು. ಡಿಸ್ಚಾರ್ಜ್ ಕಾರ್ಡಿನಲ್ಲಿ "ಗ್ರಾಫ್ಟ್ ಇಡಲಾಗಿದೆ" ಅಂತ ಮಾತ್ರ ಇತ್ತು. ಹಳೆಯ ಆಸ್ಪತ್ರೆಗೆ ಮೂರು ಸಲ ಅಲೆದೆ, ಫೈಲ್ ಸಿಗಲಿಲ್ಲ. ಕಿವಿಯ ಹಿಂದಿನ ಗಾಯದ ಗುರುತು ನೋಡಿ ಅವರೇ ಊಹಿಸಬೇಕಾಯಿತು: ಟೆಂಪೊರಾಲಿಸ್ ಫೇಶಿಯಾ ಇರಬೇಕು ಅಂತ. ಕಿವಿಯ ಮೇಲಿನ ಸ್ನಾಯುವನ್ನು ಹೊದ್ದಿರುವ ತೆಳು ಪೊರೆ ಅದು. ಅದೇ ಗಾಯದಿಂದ ತೆಗೆಯಬಹುದು, ಚೆನ್ನಾಗಿ ಕೂಡಿಕೊಳ್ಳುತ್ತದೆ. ಹೆಚ್ಚಿನವರು ಮೊದಲು ಅದನ್ನೇ ಬಳಸುತ್ತಾರೆ, ಅದು ತಪ್ಪೂ ಅಲ್ಲ.

ಆದರೆ ಮೂಗಿನ ಹಿಂಬದಿಯಿಂದ ಕಿವಿಗೆ ಗಾಳಿ ಒಯ್ಯುವ ಯೂಸ್ಟೇಶಿಯನ್ ನಳಿಕೆ ಅಲರ್ಜಿಯಿಂದಾಗಿ ನನ್ನಲ್ಲಿ ಸರಿಯಾಗಿ ತೆರೆಯುತ್ತಿರಲಿಲ್ಲ. ಒಳಗೆ ಒತ್ತಡ ಕಡಿಮೆಯಾದಾಗ ತೆಳು ಪೊರೆ ಒಳಕ್ಕೆ ಜಗ್ಗುತ್ತದೆ, ಕುಗ್ಗಿ ಮತ್ತೆ ತೂತಾಗಬಹುದು. ಅಂಥವರಿಗೆ ಕಿವಿ ರಂಧ್ರದ ಮುಂದಿನ ಪುಟ್ಟ ಉಬ್ಬಿನಿಂದ, ಅಂದರೆ ಟ್ರೇಗಸ್‌ನಿಂದ, ತೆಗೆದ ಕಾರ್ಟಿಲೇಜ್ (ಮೆದು ಮೂಳೆ) ಗಟ್ಟಿಯಾಗಿ ನಿಲ್ಲುತ್ತದಂತೆ. ಶಬ್ದ ಸಾಗಲೆಂದು ಅದನ್ನು ಅರ್ಧ ಮಿಲಿಮೀಟರಿನ ಆಸುಪಾಸಿನ ದಪ್ಪಕ್ಕೆ ತೆಳುವಾಗಿ ಸೀಳುತ್ತಾರೆ. ಅದಕ್ಕೂ ಒಂದು ಕೊರತೆಯಿದೆ: ಪಾರದರ್ಶಕವಲ್ಲ, ಹಿಂದೆ ಕೀವೋ ಇನ್ನೇನೋ ಕೂತರೆ ಬೇಗ ಕಾಣುವುದಿಲ್ಲ. ತೀರಾ ಸಣ್ಣ ತೂತಾದರೆ ಕಿವಿಹಾಲೆಯ ಚೂರು ಕೊಬ್ಬೇ ಸಾಕಾಗುವುದೂ ಉಂಟು. ಇಷ್ಟನ್ನೂ ಅವರು ಹಾಳೆಯ ಮೇಲೆ ಚಿತ್ರ ಬಿಡಿಸಿ ಹತ್ತೇ ನಿಮಿಷದಲ್ಲಿ ಹೇಳಿದರು. ಆ ಹತ್ತು ನಿಮಿಷ ಮೊದಲ ಸಲವೇ ಸಿಕ್ಕಿದ್ದರೆ!

ದಯವಿಟ್ಟು ಸಹಿ ಹಾಕುವ ಮುನ್ನ ಕೇಳಿ: ನನಗೆ ಯಾವ ಗ್ರಾಫ್ಟ್, ಎಲ್ಲಿಂದ ತೆಗೆಯುತ್ತೀರಿ, ಅದೇ ಯಾಕೆ, ನನ್ನ ಮೂಗು ನೋಡಿದ್ದೀರಾ? ಅಲರ್ಜಿ ಇದ್ದರೆ ಅವರು ಕೇಳದಿದ್ದರೂ ಹೇಳಿ. ನನಗೆ ಈ ಸಲ ಮೊದಲು ಎರಡು ತಿಂಗಳು ಮೂಗಿನ ಸ್ಪ್ರೇ ಕೊಟ್ಟು, ಸೀನು ಹತೋಟಿಗೆ ಬಂದ ಮೇಲೇ ಕಿವಿ ಮುಟ್ಟಿದರು.

"ಬಲಗಿವಿ, ಟ್ರೇಗಸ್ ಕಾರ್ಟಿಲೇಜ್" ಅಂತ ಕಾರ್ಡಿನಲ್ಲಿ ಬರೆಸಿಕೊಂಡೇ ಮನೆಗೆ ಬಂದೆ. ಅದರ ಫೋಟೊ ತಮ್ಮನ ಫೋನಿನಲ್ಲೂ ಇದೆ. ಎಡಗಿವಿಯ ತಮಟೆಯೂ ಸ್ವಲ್ಪ ಒಳಕ್ಕೆ ಜಗ್ಗಿದೆಯಂತೆ.